ಸೌರೋಷ್ಣ ಸಂಗ್ರಾಹಕ

ಬಿಸಿಲನ್ನು ಹೀರಿ ನೀರಿಗೋ ಗಾಳಿಗೋ ಶಾಖವಾಗಿ ದಾಟಿಸುವ ಸಾಧನ. ಕಪ್ಪು ಲೇಪದ ಲೋಹದ ಹಲಗೆ, ಅದಕ್ಕೆ ಬೆಸೆದ ಕೊಳವೆಗಳು, ಮೇಲೆ ಗಾಜು, ಅಡಿಯಲ್ಲಿ ಶಾಖನಿರೋಧಕ: ಚಪ್ಪಟೆ ಸಂಗ್ರಾಹಕದ ಅಂಗಗಳು ಇಷ್ಟೇ. ಬಿಸಿಲು ಹೀರುವುದು ಸುಲಭ, ಹೀರಿದ ಶಾಖ ಸೋರದಂತೆ ಹಿಡಿದಿಡುವುದು ಕಷ್ಟ. ಸೋರಿಕೆಯ ದಾರಿಗಳು ಒಂದೊಂದಾಗಿ ಗೊತ್ತಾದ ಕಥೆಯೇ ಇದರ ನಿಜವಾದ ಇತಿಹಾಸ.

ಜಿನೀವಾದ ಸೋಸ್ಯೂರ್ 1767ರಲ್ಲಿ ಒಂದರೊಳಗೊಂದು ಕೂರುವ ಐದು ಗಾಜಿನ ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟ. ಹಲವು ಗ್ರಂಥಗಳು 109 ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿಯನ್ನು ಈ ಪೆಟ್ಟಿಗೆಗೇ ಅಂಟಿಸುತ್ತವೆ. ಇದರಲ್ಲಿ ಸಿಕ್ಕದ್ದು ಸುಮಾರು 87 ಡಿಗ್ರಿ ಮಾತ್ರ. 109 ಆತ ಮುಂದೆ ಮಾಡಿದ, ಒಳಗೆ ಕಪ್ಪು ಬೆಂಡು ಹಾಸಿದ ಮರದ ಪೆಟ್ಟಿಗೆಯದು. ಅದನ್ನು ಆಲ್ಪ್ಸ್‌ನ ಕ್ರಮೋಂ ಶಿಖರಕ್ಕೂ ಹೊತ್ತೊಯ್ದ. ಅಲ್ಲಿನ ಗಾಳಿ ಬಯಲಿಗಿಂತ ಬಹಳ ತಣ್ಣಗಿದ್ದರೂ ಪೆಟ್ಟಿಗೆಯ ಒಳಗಿನ ಬಿಸಿ ಹೆಚ್ಚುಕಡಿಮೆ ಅಷ್ಟೇ ಇತ್ತು.

ಬಾಲ್ಟಿಮೋರ್‌ನ ಕೆಂಪ್ 1891ರಲ್ಲಿ ಇಂಥ ಪೆಟ್ಟಿಗೆಯೊಳಗೆ ನೀರಿನ ತೊಟ್ಟಿಗಳನ್ನಿಟ್ಟು ಪೇಟೆಂಟ್ ಪಡೆದ. ರಾತ್ರಿ ಅವು ಆರಿಹೋಗುತ್ತಿದ್ದವು. 1909ರಲ್ಲಿ ಕ್ಯಾಲಿಫೋರ್ನಿಯಾದ ಬೇಲಿ ತೊಟ್ಟಿಯನ್ನು ಬೇರ್ಪಡಿಸಿ, ಶಾಖನಿರೋಧಕ ಸುತ್ತಿ, ಸಂಗ್ರಾಹಕಕ್ಕಿಂತ ಮೇಲೆ ಕೂರಿಸಿದ. ಕಾದು ಹಗುರಾದ ನೀರು ಪಂಪಿಲ್ಲದೆ ತಾನೇ ಮೇಲೇರಿತು. ನಮ್ಮ ತಾರಸಿಗಳ ವಿನ್ಯಾಸ ಇಂದಿಗೂ ಇದೇ.

ಅದೇ 1909ರಲ್ಲಿ ನಡೆದ ಇನ್ನೊಂದು ಪ್ರಯೋಗವನ್ನು ಇಂದಿಗೂ ತಪ್ಪಾಗಿ ಓದುವವರಿದ್ದಾರೆ. ಗಾಜು ಬಿಸಿಲನ್ನು ಒಳಬಿಟ್ಟು ಅವಗೆಂಪು ಕಿರಣಗಳನ್ನು ತಡೆಯುವುದರಿಂದ ಪೆಟ್ಟಿಗೆ ಕಾಯುತ್ತದೆ ಎಂಬುದು ವಾಡಿಕೆಯ ವಿವರಣೆ. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ ಒಂದು ಪೆಟ್ಟಿಗೆಗೆ ಗಾಜನ್ನೂ ಇನ್ನೊಂದಕ್ಕೆ ಅವಗೆಂಪನ್ನು ಹಾದುಬಿಡುವ ಕಲ್ಲುಪ್ಪಿನ ಫಲಕವನ್ನೂ ಮುಚ್ಚಿದ. ಮೊದಲು ಉಪ್ಪಿನ ಪೆಟ್ಟಿಗೆಯೇ ತುಸು ಮುಂದಿತ್ತು. ಬಿಸಿಲನ್ನು ಮೊದಲೇ ಇನ್ನೊಂದು ಗಾಜಿನಿಂದ ಸೋಸಿ ನೋಡಿದಾಗ ಎರಡೂ ಸುಮಾರು 55 ಡಿಗ್ರಿಗೆ ನಿಂತವು, ಅಂತರ ಒಂದು ಡಿಗ್ರಿಯಷ್ಟೂ ಇರಲಿಲ್ಲ. ಗಾಜಿನ ಮುಖ್ಯ ಕೆಲಸ ಕಾದ ಗಾಳಿಯನ್ನು ಹೊರಬಿಡದಿರುವುದು ಎಂಬುದು ಆತನ ತೀರ್ಮಾನ. ವಿಷಯದ ಆಳಕ್ಕಿಳಿದಿಲ್ಲವೆಂದು ಆತನೇ ಹೇಳಿಕೊಂಡಿದ್ದ. ಸ್ಮಿತ್‌ಸೋನಿಯನ್‌ನ ಆ್ಯಬಟ್ ಅದೇ ವರ್ಷ ಇದನ್ನು ಪ್ರಶ್ನಿಸಿದ. ಹೀಗಿದ್ದೂ ಆ ಪುಟ್ಟ ಟಿಪ್ಪಣಿಯಿಂದ ವಿಕಿರಣದ ಸೋರಿಕೆ ನಗಣ್ಯವೆಂಬ ಅರ್ಥ ಹೊರಡಿಸುವುದು ಸಲ್ಲದು. ವುಡ್ ಹೋಲಿಸಿದ್ದು ಎರಡು ಬಗೆಯ ಮುಚ್ಚಳಗಳನ್ನು. ಕಪ್ಪು ತಳ ಹೊಮ್ಮಿಸುವ ವಿಕಿರಣವನ್ನು ಆತ ಅಳೆಯಲಿಲ್ಲ.

ಲೆಕ್ಕ ಸ್ಪಷ್ಟವಾದದ್ದು 1942ರಲ್ಲಿ, ಎಂಐಟಿಯ ಹಾಟೆಲ್ ಮತ್ತು ವೋರ್ಟ್ಸ್ ಅವರ ಪ್ರಬಂಧದಿಂದ. ಮಾಮೂಲಿ ಕಪ್ಪು ಬಣ್ಣದ ಹಲಗೆಯಿಂದ ಗಾಜಿಗೆ ದಾಟುವ ಶಾಖದಲ್ಲಿ ವಿಕಿರಣದ ಪಾಲು ಗಾಳಿಯ ಪಾಲಿಗಿಂತ ದೊಡ್ಡದು. ಹಾಗಾದರೆ ಗಾಜನ್ನಷ್ಟೇ ಅಲ್ಲ, ಬಣ್ಣವನ್ನೂ ಬದಲಿಸಬೇಕು. 1955ರ ಟ್ಯುಸಾನ್ ಸಮ್ಮೇಳನದಲ್ಲಿ ಇಸ್ರೇಲಿನ ಹ್ಯಾರಿ ಟೇಬರ್ ಬಿಸಿಲನ್ನು ಚೆನ್ನಾಗಿ ಹೀರಿಯೂ ಅವಗೆಂಪನ್ನು ಕಡಿಮೆ ಹೊಮ್ಮಿಸುವ ಆಯ್ದ ಲೇಪವನ್ನು ಮುಂದಿಟ್ಟ. ಕೀರ್ತಿಯೆಲ್ಲ ಈತನಿಗೇ ಸಲ್ಲುವುದು ವಾಡಿಕೆ, ಆದರೆ ಅದೇ ಸಮ್ಮೇಳನದಲ್ಲಿ ಕ್ಯಾಲಿಫೋರ್ನಿಯಾದ ಗೀರ್ ಮತ್ತು ಡಂಕಲ್ ಕೂಡ ಇಂಥದೇ ಮೇಲ್ಮೈಗಳ ಬಗ್ಗೆ ಪ್ರಬಂಧ ಮಂಡಿಸಿದ್ದರು. ಈ ಲೇಪವೇ ಸಂಗ್ರಾಹಕದ ಚರಿತ್ರೆಯ ದೊಡ್ಡ ತಿರುವು.

ಉಳಿದದ್ದು ಗಾಳಿಯ ದಾರಿ. ಬೀಜಿಂಗ್‌ನ ಸಿಂಗ್ಹುವಾ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಲೇಪದಿಂದ ಜೋಡಿಗೋಡೆಯ ಗಾಜಿನ ನಿರ್ವಾತ ಕೊಳವೆ ಅಗ್ಗವಾಯಿತು. ಥರ್ಮಾಸ್ ಫ್ಲಾಸ್ಕಿನಂತೆ ಗೋಡೆಗಳ ನಡುವೆ ಗಾಳಿಯಿಲ್ಲ. ಲೇಪ ಒಳಗೋಡೆಯ ಹೊರಮೈಗಿರುತ್ತದೆ.

ಇಸ್ರೇಲ್ 1980ರಲ್ಲಿ ಹೊಸ ಮನೆಗಳಿಗೆ ಸೌರ ಜಲತಾಪಕವನ್ನು ಕಡ್ಡಾಯ ಮಾಡಿತು. ಕರ್ನಾಟಕದ ಆದೇಶ 2007ರದು. ಬೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ಇತ್ತು. ಬೆಂಗಳೂರಿನ ಬೋರ್‌ವೆಲ್‌ಗಳ ಗಡಸು ನೀರು ಚಪ್ಪಟೆ ಸಂಗ್ರಾಹಕದ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ಅಂಥ ಕಡೆ ಸಂಗ್ರಾಹಕದೊಳಗೆ ಬೇರೆಯೇ ದ್ರವವನ್ನು ಸುತ್ತಿಸಿ, ಅದರ ಶಾಖವನ್ನು ವಿನಿಮಯಕದ ಮೂಲಕ ಬಳಕೆಯ ನೀರಿಗೆ ಕೊಡುತ್ತಾರೆ.