ಬೆನ್ನಿನ ನೋವು, ಯಕೃತ್ತಿನ ವ್ಯಾಧಿ: ಪ್ರಾಚೀನ ವೈದ್ಯಗ್ರಂಥಗಳ ಸಾಕ್ಷ್ಯ

ಯಕೃತ್ತಿನ ಕೆಲವು ವ್ಯಾಧಿಗಳಲ್ಲಿ ಬಲಭುಜವೋ ಬೆನ್ನಿನ ಮೇಲ್ಭಾಗವೋ ನೋಯುವುದುಂಟೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಭಾರತದ ಪ್ರಾಚೀನ ವೈದ್ಯರು ಇದನ್ನು ಬಲ್ಲವರಾಗಿದ್ದರೆ? ಈ ಪ್ರಶ್ನೆಗೆ ಅಭಿಮಾನದಿಂದಲ್ಲ, ಗ್ರಂಥಪಾಠದಿಂದ ಉತ್ತರ ದೊರೆಯಬೇಕು.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅಂತರ್ವಿದ್ರಧಿಯ, ಎಂದರೆ ದೇಹದೊಳಗೆ ಕೀವುಗಟ್ಟುವ ಬಾವಿನ, ನಿರೂಪಣೆಯಿದೆ. ಬಾವು ನಾಭಿಯಲ್ಲಿದ್ದರೆ ಬಿಕ್ಕಳಿಕೆ, ಪ್ಲೀಹದಲ್ಲಿದ್ದರೆ ಉಸಿರಿನ ತಡೆ, ಯಕೃತ್ತಿನಲ್ಲಿದ್ದರೆ ಶ್ವಾಸ ಮತ್ತು ತೃಷೆ. ಸೊಂಟವೂ ಬೆನ್ನೂ ತೀವ್ರವಾಗಿ ಹಿಡಿದುಕೊಳ್ಳುವ ಲಕ್ಷಣವನ್ನು ಅಲ್ಲಿ ಹೇಳಿರುವುದು ತೊಡೆಸಂದಿನ ಬಾವಿಗೆ, ಯಕೃತ್ತಿಗಲ್ಲ. ಮಾಧವನಿದಾನವೂ ಇದೇ ಕ್ರಮವನ್ನು ಅನುಸರಿಸುತ್ತದೆ. ಅದರ ಶೂಲಪ್ರಕರಣದಲ್ಲಿ ಬೆನ್ನಿನ ಶೂಲದ ಉಲ್ಲೇಖವಿದ್ದರೂ ಅಲ್ಲಿ ಹೇಳುವ ಕಾರಣ ಪ್ರಕೋಪಗೊಂಡ ವಾಯು.

ಆದುದರಿಂದ ಈ ಭಾಗಗಳು ಬೆನ್ನುನೋವನ್ನು ಯಕೃದ್ರೋಗದ ಲಕ್ಷಣವೆಂದು ಹೇಳುವುದಿಲ್ಲ. ಆದರೆ ರೋಗದ ನೆಲೆ ಒಂದೆಡೆ, ಅದರ ಕುರುಹು ಇನ್ನೊಂದೆಡೆ ಇರಬಹುದೆಂಬ ಅರಿವು ಅವುಗಳಲ್ಲಿ ಸ್ಪಷ್ಟವಾಗಿದೆ. ಆ ಆಚಾರ್ಯರ ನಿಜವಾದ ಹಿರಿಮೆ ಇಲ್ಲಿದೆ.

ಈ ಅಂತರದ ಕಾರಣ ತಿಳಿದದ್ದು ಬಹಳ ತಡವಾಗಿ. ಇಂಗ್ಲೆಂಡಿನ ಫ್ರಾನ್ಸಿಸ್ ಗ್ಲಿಸನ್ 1654ರಲ್ಲಿ ಯಕೃತ್ತಿನ ರಚನೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಯಕೃತ್ತಿನ ಹೊರಪೊರೆಗೆ ಇಂದಿಗೂ ಅವನ ಹೆಸರಿದೆ. ನೋವನ್ನು ಅರಿಯುವ ನರಗಳಿರುವುದು ಮುಖ್ಯವಾಗಿ ಆ ಪೊರೆಯಲ್ಲಿ. ಒಳಾಂಗಗಳ ವ್ಯಾಧಿ ಚರ್ಮದ ನಿರ್ದಿಷ್ಟ ವಲಯಗಳಲ್ಲಿ ನೋವಾಗಿ ತೋರುವುದನ್ನು ಹೆನ್ರಿ ಹೆಡ್ 1893ರಲ್ಲಿ ವಿಸ್ತಾರವಾಗಿ ವಿವರಿಸಿದನು. ಯಕೃತ್ತಿನ ಮೇಲಿರುವ ವಪೆಗೆ ಬರುವ ನರ ಕತ್ತಿನಲ್ಲಿ ಹುಟ್ಟುತ್ತದೆ. ಭುಜದ ಸಂವೇದನೆಯ ನರಗಳ ಮೂಲವೂ ಅಲ್ಲಿಯೇ. ವಪೆ ಕೆರಳಿದಾಗ ಭುಜ ನೋಯುವುದು ಇದರಿಂದ. ಸುಶ್ರುತಸಂಹಿತೆ ಗುರುತಿಸಿದ ಶ್ವಾಸಕ್ಕೂ ಉಸಿರಾಟದ ಸ್ನಾಯುವಾದ ಇದೇ ವಪೆ ಕಾರಣವಾಗಿರಬಹುದು.

ಜೈನ ವೈದ್ಯಸಾಹಿತ್ಯದ ಅಧ್ಯಯನಕ್ಕೂ ಈ ವಿವೇಕ ಅಗತ್ಯ. ಒಂಬತ್ತನೆಯ ಶತಮಾನದ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕ, ಪೂಜ್ಯಪಾದರ ಕೃತಿಯನ್ನು ಆಧರಿಸಿ ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಕರ್ಣಾಟಕ ಕಲ್ಯಾಣಕಾರಕ ಇವೆರಡೂ ಮಾಂಸವನ್ನು ಔಷಧದಿಂದ ದೂರವಿರಿಸಿದ ಕೃತಿಗಳು. ಇಂತಹ ಗ್ರಂಥಗಳಲ್ಲಿ ‘ಶೂಲ’ ಎಂಬ ಪದ ಕಂಡಾಗ ಅದು ಯಾವ ಅಂಗದ್ದು, ಯಾವ ದೋಷದ್ದು ಎಂದು ಪ್ರಕರಣವನ್ನು ನೋಡಿಯೇ ನಿರ್ಣಯಿಸಬೇಕು. ಇಂದಿನ ಅರಿವನ್ನು ಹಿಂದಿನವರ ಬಾಯಲ್ಲಿ ನುಡಿಸಿದರೆ, ಅವರು ನಿಜವಾಗಿ ಕಂಡದ್ದೇ ಮರೆಯಾಗುತ್ತದೆ.