ವಿಷಯೆ ಓದಿದ ಓಲೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ತೀರಾ ಕೆಳಗಿನ ಸಾಲು ಆನೆಗಳದು. ಪುಟ್ಟ ಮಕ್ಕಳ ಕಣ್ಣಿಗೆ ಮೊದಲು ಬೀಳುವುದೂ ಅದೇ. ರಾಮಾಯಣ, ಭಾರತ, ಭಾಗವತದ ಪ್ರಸಂಗಗಳಿರುವ ಪಟ್ಟಿಕೆ ಇನ್ನೂ ಮೇಲಿದೆ. ಕಥೆ ಬಲ್ಲ ಹಿರಿಯರೊಬ್ಬರು ಜೊತೆಗಿಲ್ಲದಿದ್ದರೆ ಮಗುವಿಗೆ ಅದು ಬಿಲ್ಲು ಹಿಡಿದ ಗೊಂಬೆಗಳ ಸಾಲು, ಅಷ್ಟೆ.

ನಮ್ಮ ಮನೆಗಳೊಳಗಿನ ಓದೂ ಬಹುಕಾಲ ಹೀಗೇ ಇತ್ತು. ಬಲ್ಲವರೊಬ್ಬರು ಓದುವರು, ಉಳಿದವರು ಕೇಳುವರು. ಮನೆಮಂದಿಯೆಲ್ಲ ಕೂತು ಓದುವುದನ್ನು ಇಂದು ಹೊಸ ಅಭ್ಯಾಸವೆಂಬಂತೆ ಹೇಳುತ್ತೇವೆ. ಆದರೆ ಒಬ್ಬರೇ ಕೂತು, ತುಟಿ ಅಲ್ಲಾಡಿಸದೆ ಓದುವುದೇ ಇಲ್ಲಿ ಈಚಿನದು.

ಈ ಸೀಮೆಗೆ ಹತ್ತಿರದ ಉದಾಹರಣೆ ಜೈಮಿನಿ ಭಾರತ. ಅರಸೀಕೆರೆಯಿಂದ ಬಾಣಾವರದ ಆಚೆಗೆ, ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು. ಅವನ ಕಾವ್ಯದಲ್ಲಿ 34 ಸಂಧಿಗಳಿವೆ. ಸಂಜೆಗೊಂದರಂತೆ ಓದಿಸಿದರೂ ತಿಂಗಳು ದಾಟುತ್ತದೆ. ಛಂದಸ್ಸು ವಾರ್ಧಕ ಷಟ್ಪದಿ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಐದೈದು ಮಾತ್ರೆಯ ನಾಲ್ಕು ಗಣ. ಮೂರು ಮತ್ತು ಆರನೆಯವು ಇನ್ನೂ ಉದ್ದ, ಆರು ಗಣದ ಮೇಲೊಂದು ಗುರು. ಎರಡು ಪದ್ಯ ಕೇಳುವಷ್ಟರಲ್ಲಿ, ಎಲ್ಲಿ ರಾಗ ಎಳೆಯುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಅಕ್ಷರ ಬಾರದ ಮಗುವಿಗೂ ಗೊತ್ತಾಗಿಬಿಡುತ್ತದೆ. ಗಮಕದಲ್ಲಿ ವಾಚನದ ಜೊತೆಗೆ ವ್ಯಾಖ್ಯಾನವೂ ಉಂಟು. ಪದ್ಯ ಮುಗಿದು ಅರ್ಥ ಹೇಳುವಾಗ ನಡುವೆ ಬಾಯಿ ಹಾಕಬಹುದು. ಮುದ್ದಣನ ರಾಮಾಶ್ವಮೇಧದಲ್ಲಿ ಮನೋರಮೆ ಗಂಡನ ಕಥೆಯನ್ನು ತಡೆದು ತಡೆದು ಕೇಳುತ್ತಾಳಲ್ಲ, ಅಂಥ ಬಾಯಿ.

ಇದನ್ನು ಹಳೆಯ ಸೊಗಸೆಂದು ಬರೆದು ಮುಗಿಸಲು ನನಗೆ ಮನಸ್ಸಿಲ್ಲ, ಜೈಮಿನಿ ಭಾರತದ ಚಂದ್ರಹಾಸನ ಕಥೆಯಿಂದಾಗಿ. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಓಲೆ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಅದನ್ನು ತಂದವನಿಗೆ ವಿಷ ಕೊಡಬೇಕೆಂಬುದು ಅದರ ಸಾರ. ಚಂದ್ರಹಾಸ ಉದ್ಯಾನದಲ್ಲಿ ನಿದ್ದೆಹೋದಾಗ ಮಂತ್ರಿಯ ಮಗಳು ವಿಷಯೆ ಆ ಓಲೆಯನ್ನು ಬಿಚ್ಚಿ ಓದುತ್ತಾಳೆ. ‘ವಿಷ’ ಇದ್ದ ಕಡೆ ‘ವಿಷಯೆ’ ಆಗುವಂತೆ ತಿದ್ದುತ್ತಾಳೆ. ಅವನ ಜೀವ ಉಳಿಯುತ್ತದೆ, ಮದುವೆಯೂ ಆಗುತ್ತದೆ. ಅವಳಿಗೆ ಓದು ಬರದೇ ಇದ್ದಿದ್ದರೆ ಅಲ್ಲಿಗೆ ಕಥೆಯೇ ಮುಗಿಯುತ್ತಿತ್ತು.

ಈ ಕಥೆಯನ್ನು ಎಷ್ಟೋ ತಲೆಮಾರಿನ ಹೆಣ್ಣುಮಕ್ಕಳು ಕೇಳಿದರು. ಬಾಗಿಲ ಹಿಂದೆ ನಿಂತು, ಅಕ್ಕಿ ಆರಿಸುತ್ತ, ಕೂಸಿಗೆ ತಟ್ಟುತ್ತ ಕೇಳಿದರು. ಅವರಲ್ಲಿ ಬಹುಮಂದಿಗೆ ಅಕ್ಷರ ಕಲಿಸಿದವರಿಲ್ಲ. ಜಗಲಿಯ ಮೇಲೆ ಕೂರುವ ಅವಕಾಶವೇ ಇಲ್ಲದೆ, ಬೀದಿಯಲ್ಲಿ ನಿಂತು ಕೇಳಬೇಕಾದ ಜಾತಿಗಳ ಮಕ್ಕಳ ಮಾತು ಬೇರೆಯೇ. ಎಲ್ಲರನ್ನೂ ಒಟ್ಟು ಸೇರಿಸುತ್ತಿತ್ತೆಂದು ನಾವು ಹೊಗಳುವ ಓದು, ಯಾರು ಎಲ್ಲಿ ಕೂರಬೇಕೆಂದೂ ಗೊತ್ತುಮಾಡುತ್ತಿತ್ತು.

1852ರಲ್ಲಿ ಸ್ಯಾಂಡರ್ಸನ್ ಎಂಬ ಪಾದ್ರಿಯ ಜೈಮಿನಿ ಭಾರತ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. 1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಿತು. ಅದೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಅಚ್ಚು, ಶಾಲೆ ಎರಡೂ ಬಂದು ಮನೆಯ ಓದನ್ನು ಕೊಂದವು ಎಂಬ ಹಳಹಳಿಕೆಯನ್ನು ಆಗಾಗ ಕೇಳುತ್ತೇನೆ. ನನಗೆ ಹಾಗನ್ನಿಸುವುದಿಲ್ಲ. ಓದುವವರ ಜಾಗ ಬದಲಾಯಿತು, ಅಷ್ಟೆ.

ನಮ್ಮ ಮನೆಯಲ್ಲಿ ಅಜ್ಜಿಗೆ ಓದು ಬಾರದು. ಶಾಲೆಗೆ ಹೋಗುತ್ತಿದ್ದ ನಾನೇ ಸಂಜೆ ಹೊತ್ತು ಚಂದ್ರಹಾಸನ ಕಥೆ ಓದಿ ಹೇಳುತ್ತಿದ್ದೆ. ನಾನು ತಡವರಿಸಿದ ಕಡೆಯೆಲ್ಲ ಮುಂದಿನ ಸಾಲು ಅಜ್ಜಿಯ ಬಾಯಿಂದಲೇ ಬರುತ್ತಿತ್ತು. ಒಮ್ಮೆ ಪುಸ್ತಕ ಇಸಕೊಂಡು ಪುಟವನ್ನೇ ನೋಡುತ್ತ, “ವಿಷಯೆ ಅಂತ ಇರೋದು ಎಲ್ಲವ್ವ, ತೋರ್ಸು” ಅಂದಳು. ಬೆರಳಿಟ್ಟು ತೋರಿಸಿದೆ.