ಕತ್ತಿ ಮತ್ತು ಅಡಿಗೂಟ: ದೆಹಲಿಯ ಚರ್ಮಗಾರಿಕೆಯ ಯಂತ್ರಗಳು

ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಮೂರು ಉಪಕರಣಗಳ ಹೆಸರು ಬರುತ್ತವೆ: ಕೈಯುಳಿ, ಕತ್ತಿ, ಅಡಿಗೂಟ. ವಚನಕಾರರಲ್ಲಿ ಹೆಚ್ಚಿನವರು ಇಷ್ಟದೈವದ ಹೆಸರನ್ನೇ ಅಂಕಿತವಾಗಿಸಿಕೊಂಡಿರುವಾಗ ಈತ ದೈವದ ಹೆಸರಿನ ಪಕ್ಕದಲ್ಲಿ ತನ್ನ ಕಸುಬಿನ ಸಾಮಗ್ರಿಯನ್ನೂ ಇರಿಸಿದ. ಉಳಿ ಚುಚ್ಚುವುದಕ್ಕೆ, ಕತ್ತಿ ಕತ್ತರಿಸುವುದಕ್ಕೆ ಮತ್ತು ಹೆರೆಯುವುದಕ್ಕೆ, ಅಡಿಗೂಟ ತೊಗಲನ್ನಿಟ್ಟು ಬಡಿಯುವುದಕ್ಕೆ. ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಈ ಮೂರೂ ಕೆಲಸಗಳು ಒಂದೊಂದಾಗಿ ಯಂತ್ರಕ್ಕೆ ಸರಿದವು. ಉಳಿಯ ಕೆಲಸ ಹೊಲಿಗೆಯಂತ್ರದ ಪಾಲಾಯಿತು. ಆ ಯಂತ್ರದ ಚರಿತ್ರೆ ಬರೆದವರು ಬೇಕಾದಷ್ಟು ಮಂದಿ. ಕತ್ತಿ ಏನಾಯಿತು, ಅಡಿಗೂಟ ಏನಾಯಿತು ಎಂದು ಕೇಳಿದವರು ಕಡಿಮೆ. ನಾವು ಬಾಳುತ್ತಿರುವ ಈ ದೆಹಲಿ ಸೀಮೆಯಲ್ಲಿ ಅದಕ್ಕೆ ಉತ್ತರ ಕರೋಲ್ ಬಾಗಿನ ಗಲ್ಲಿಗಳಲ್ಲಿ, ಓಖ್ಲಾ ಮತ್ತು ನೋಯ್ಡಾದ ಕಾರ್ಖಾನೆಗಳಲ್ಲಿ, ಫರೀದಾಬಾದಿನಲ್ಲಿ ಚದುರಿಕೊಂಡಿದೆ.

ಕತ್ತಿ ಎರಡಾಗಿ ಒಡೆಯಿತು ಎನ್ನಬೇಕು. ಆಕಾರಕ್ಕೆ ತಕ್ಕಂತೆ ಕತ್ತರಿಸುವ ಕೆಲಸ ಕ್ಲಿಕ್ಕಿಂಗ್ ಪ್ರೆಸ್ಸಿಗೆ ಹೋಯಿತು. ಉಕ್ಕಿನ ಪಟ್ಟಿಯನ್ನು ಬೇಕಾದ ಆಕಾರಕ್ಕೆ ಬಾಗಿಸಿ, ಬೆಸೆದು, ಒಂದಂಚನ್ನು ಹರಿತಗೊಳಿಸಿದ ಅಚ್ಚೇ ಇಲ್ಲಿ ಕತ್ತಿ. ಚರ್ಮದ ಮೇಲೆ ಅದನ್ನಿಟ್ಟರೆ ಇಪ್ಪತ್ತು ಟನ್ನುಗಳ ಒತ್ತಡದ ತೋಳೊಂದು ಮೇಲಿನಿಂದ ಇಳಿಯುತ್ತದೆ. ಇಂಗ್ಲೆಂಡಿನ ಪಾದರಕ್ಷೆಯ ಕಾರ್ಖಾನೆಗಳಲ್ಲಿ ಕೈಯಿಂದ ಚರ್ಮ ಕೊಯ್ಯುವವನಿಗೆ 'ಕ್ಲಿಕ್ಕರ್' ಎಂಬ ಹೆಸರಿತ್ತು, ಅವನ ಕತ್ತಿಯ ಸದ್ದಿನಿಂದ ಹುಟ್ಟಿದ್ದೆಂದು ಹೇಳುತ್ತಾರೆ. ಆ ಮನುಷ್ಯನ ಹೆಸರೇ ಯಂತ್ರಕ್ಕೆ ಅಂಟಿತು. ಅಂಚನ್ನು ತೆಳುವಾಗಿ ಹೆರೆಯುವ ಇನ್ನೊಂದು ಕೆಲಸ ಸ್ಕೈವಿಂಗ್ ಯಂತ್ರಕ್ಕೆ ಬಂತು. ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ಮಡಿಸಿದಾಗ ಸೇರುವೆ ದಪ್ಪಗಾಗಬಾರದಲ್ಲವೆ, ಅದಕ್ಕೆ ಈ ಹೆರೆತ ಬೇಕು. ಹಾಳೆಯಿಡೀ ಒಂದೇ ದಪ್ಪಕ್ಕೆ ಬರುವಂತೆ ಸೀಳುವುದು ಬೇರೊಂದು ಯಂತ್ರ. ಅಡಿಗೂಟದ ವಂಶಜರು ಹಲವು: ಅಂಟು ಬಳಿದು ಮಡಿಸಿದ ಅಂಚನ್ನು ಬಡಿಯುವವು, ಉರುಳೆಯಿಂದ ಒತ್ತುವವು, ಕಾಯಿಸಿದ ಪಟ್ಟಿಯಿಂದ ಹೆಸರನ್ನು ಮುದ್ರಿಸುವವು. ಅವುಗಳನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇವೆ, ಏಕೆಂದರೆ ಕಥೆಯ ತಿರುಳಿರುವುದು ಅಲಗಿನಲ್ಲಿ.

ಅಲಗು ಯಾರದು ಎಂಬ ಪ್ರಶ್ನೆ ಒಂದು ಶತಮಾನದಷ್ಟು ಹಳೆಯದು. 1899ರಲ್ಲಿ ಅಮೆರಿಕದ ಹಲವು ಕಂಪನಿಗಳು ಕೂಡಿ ಯುನೈಟೆಡ್ ಶೂ ಮೆಷಿನರಿ ಎಂಬ ಸಂಸ್ಥೆಯಾದವು. ಅದರ ಬ್ರಿಟಿಷ್ ಶಾಖೆ ಲೆಸ್ಟರ್ ನಗರದಲ್ಲಿ ನೆಲೆಯೂರಿತು. ಮುಖ್ಯ ಯಂತ್ರಗಳನ್ನು ಈ ಸಂಸ್ಥೆ ಮಾರುತ್ತಿರಲಿಲ್ಲ, ವರ್ಷಗಟ್ಟಲೆ ಬಾಡಿಗೆಗೆ ಕೊಡುತ್ತಿತ್ತು. ಯಂತ್ರ ಕೆಟ್ಟರೆ ಸಂಸ್ಥೆಯ ಆಳೇ ಬಂದು ಸರಿಪಡಿಸುತ್ತಿದ್ದ. ಅದಕ್ಕೆ ಬೇರೆ ಹಣ ಕೊಡಬೇಕಾಗಿರಲಿಲ್ಲ. ಕೇಳಲು ಹಿತವಾದ ವ್ಯವಸ್ಥೆ. ಆದರೆ 1953ರಲ್ಲಿ ಏಕಸ್ವಾಮ್ಯದ ಮೊಕದ್ದಮೆಯ ತೀರ್ಪು ಬರೆದ ನ್ಯಾಯಾಧೀಶ ಚಾರ್ಲ್ಸ್ ವೈಜಾನ್ಸ್ಕಿ ಅದರೊಳಗಿನ ಗಂಟನ್ನು ಗುರುತಿಸಿದರು: ರಿಪೇರಿಯ ಖರ್ಚು ಬಾಡಿಗೆಯಲ್ಲೇ ಅಡಗಿದ್ದುದರಿಂದ ಆ ದೇಶದಲ್ಲಿ ಸ್ವತಂತ್ರ ರಿಪೇರಿಗಾರರ ಕಸುಬು ಬೆಳೆಯಲೇ ಇಲ್ಲ. ಯಂತ್ರಗಳನ್ನು ಮಾರಾಟಕ್ಕೂ ಇಡಬೇಕು, ರಿಪೇರಿಗೆ ಪ್ರತ್ಯೇಕ ದರ ಹಾಕಬೇಕು ಎಂದು ತೀರ್ಪಾಯಿತು. ಜೋಡು ಮಾಡುವವನು ತನ್ನ ಅಲಗನ್ನು ತಾನೇ ಮಸೆಯುವ ಹಕ್ಕನ್ನು ನ್ಯಾಯಾಲಯದಿಂದ ಪಡೆಯಬೇಕಾಯಿತೆಂಬುದು ನಮಗೆ ಈ ಇಡೀ ಚರಿತ್ರೆಯಲ್ಲೇ ವಿಚಿತ್ರವಾಗಿ ಕಾಣುವ ಸಂಗತಿ.

ದೆಹಲಿಯಲ್ಲಿ ನಡೆದದ್ದು ಇದರ ತಲೆಕೆಳಗು. ಇಲ್ಲಿ ಚರ್ಮದ ಕಸುಬು ಕಾರ್ಖಾನೆಯಿಂದಲ್ಲ, ಕೇರಿಯಿಂದ ಬೆಳೆಯಿತು. ಕರೋಲ್ ಬಾಗಿನ ರೈಗರ್‌ಪುರ ತೊಗಲು ಹದಮಾಡುವ ಕುಲಕಸುಬಿನ ರೈಗರ್ ಸಮುದಾಯದ ಹೆಸರನ್ನು ಇಂದಿಗೂ ಹೊತ್ತಿದೆ. ದೊಡ್ಡ ಯಂತ್ರಶಾಲೆಯ ಮಾದರಿ ಬಂದದ್ದು ಸ್ವಾತಂತ್ರ್ಯದ ನಂತರ: ದೇಶವಿಭಜನೆಯ ನಿರಾಶ್ರಿತರಿಗಾಗಿ ಕಟ್ಟಿದ ಹೊಸ ಫರೀದಾಬಾದಿನಲ್ಲಿ ಬಾಟಾ 1951ರಲ್ಲಿ ಕಾರ್ಖಾನೆ ತೆರೆಯಿತು. ಎಪ್ಪತ್ತರ ದಶಕದಲ್ಲಿ ಸರ್ಕಾರ ಹಸಿ ತೊಗಲಿನ ರಫ್ತನ್ನು ತಡೆದು, ಸಿದ್ಧವಸ್ತುಗಳ ರಫ್ತಿಗೆ ಒತ್ತುಕೊಟ್ಟಿತು. ಹದಮಾಡಿದ ಚರ್ಮವನ್ನಷ್ಟೇ ಕಳಿಸುತ್ತಿದ್ದ ದೇಶ ಚೀಲ, ಪರ್ಸು, ಜಾಕೆಟ್ಟುಗಳನ್ನು ಕಳಿಸಬೇಕಾದಾಗ ಕತ್ತರಿಸುವ, ಹೆರೆಯುವ ಯಂತ್ರಗಳಿಗೆ ಬೇಡಿಕೆ ಬಂತು. ಆಗ್ರಾದಲ್ಲಿ 1963ರಿಂದಲೇ ಕೇಂದ್ರದ ಪಾದರಕ್ಷೆ ತರಬೇತಿ ಸಂಸ್ಥೆಯಿತ್ತು; 1986ರಲ್ಲಿ ನೋಯ್ಡಾದಲ್ಲಿ ಪಾದರಕ್ಷೆ ವಿನ್ಯಾಸ ಮತ್ತು ಅಭಿವೃದ್ಧಿ ಸಂಸ್ಥೆ ಹುಟ್ಟಿತು. ಹೊಸ ಯಂತ್ರಗಳು ರಫ್ತುದಾರರ ಕಾರ್ಖಾನೆ ಸೇರಿದವು. ಅಲ್ಲಿ ಹಳತಾದವು, ವಿದೇಶದಲ್ಲಿ ಹಳತಾಗಿ ಬಂದವು ಗಲ್ಲಿ ಸೇರಿದವು. ಕೈಯಿಂದ ತಿರುಗಿಸುವ ಫ್ಲೈ ಪ್ರೆಸ್ಸಂತೂ ಇಲ್ಲಿಯದೇ. ಬಳೆಯಾಕಾರದ ಭಾರವನ್ನು ತಿರುಗಿಸಿ ಬಿಟ್ಟರೆ ತಿರುಪು ಇಳಿದು ಅಚ್ಚನ್ನು ಒತ್ತುತ್ತದೆ, ವಿದ್ಯುತ್ತಿನ ಹಂಗಿಲ್ಲ.

ಗಲ್ಲಿಯ ಕಸುಬುದಾರ ಯಂತ್ರವನ್ನು ಆರಿಸುವಾಗ ಮೊದಲು ನೋಡುವುದು ಚರ್ಮವನ್ನಲ್ಲ, ವಿದ್ಯುತ್ ಮೀಟರನ್ನು. 2007ರಲ್ಲಿ ಜಾರಿಗೆ ಬಂದ ದೆಹಲಿಯ ಮಹಾಯೋಜನೆ ವಸತಿ ಪ್ರದೇಶದಲ್ಲಿ ಗೃಹೋದ್ಯಮಕ್ಕೆ ಐವರು ಕೆಲಸಗಾರರು ಮತ್ತು 5 ಕಿಲೋವ್ಯಾಟ್ ಎಂಬ ಮಿತಿ ಹಾಕಿತು. ಅದಕ್ಕೂ ಮುಂಚೆ, ವಸತಿ ಪ್ರದೇಶದ ಉದ್ದಿಮೆಗಳನ್ನು ಹೊರಹಾಕಬೇಕೆಂಬ ಸರ್ವೋಚ್ಚ ನ್ಯಾಯಾಲಯದ ಆದೇಶಗಳಿಂದ ಬೀಗಮುದ್ರೆಯ ಭಯ ಎಲ್ಲ ಕಡೆ ಹಬ್ಬಿತ್ತು. ತೋಳು ಬೀಸುವ ಸಣ್ಣ ಕ್ಲಿಕ್ಕಿಂಗ್ ಪ್ರೆಸ್ಸಿನ ಮೋಟಾರು ಒಂದು ಕುದುರೆಶಕ್ತಿಯ ಆಸುಪಾಸಿನದು, ಸ್ಕೈವಿಂಗ್ ಯಂತ್ರದ್ದು ಅದಕ್ಕೂ ಕಡಿಮೆ. ಎರಡೂ ಈ ಮಿತಿಯೊಳಗೆ ಸೇರುತ್ತವೆ. ಸೀಳುವ ದೊಡ್ಡ ಯಂತ್ರ ಸೇರುವುದು ಕಷ್ಟ. ಹಾಗಾಗಿ ಸೀಳುವ ಕೆಲಸವನ್ನು ಕೂಲಿಗೆ ಮಾಡಿಕೊಡುವ ಬೇರೊಂದು ಅಂಗಡಿಗೆ ಕಳಿಸುವ ರೂಢಿ ಇದೆ. ನೆಲದ ಬಲವೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಎರಡನೆಯ ಅಂತಸ್ತಿನಲ್ಲಿ ಪ್ರೆಸ್ಸು ಬಡಿದರೆ ಕೆಳಗಿನ ಮನೆಯವರು ಸುಮ್ಮನಿರುವುದಿಲ್ಲ.

ಈ ಸಣ್ಣತನದಲ್ಲಿ ಒಂದು ಅಪಾಯವಿದೆ. 1948ರ ಕಾರ್ಖಾನೆ ಕಾಯಿದೆ ವಿದ್ಯುತ್ ಬಳಸುವ ಕಡೆ ಹತ್ತು ಕೆಲಸಗಾರರಿದ್ದರೆ ಮಾತ್ರ ಅನ್ವಯಿಸುತ್ತಿತ್ತು. ಯಂತ್ರಕ್ಕೆ ಕಾವಲು ಕಟ್ಟಬೇಕೆಂಬ ಅದರ ನಿಯಮ ಐವರ ಕೋಣೆಯ ಹೊಸ್ತಿಲು ದಾಟಲಿಲ್ಲ. ಕ್ಲಿಕ್ಕಿಂಗ್ ಪ್ರೆಸ್ಸಿನ ತೋಳಿನಲ್ಲಿ ಎರಡು ಗುಂಡಿಗಳಿರುತ್ತವೆ. ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರಷ್ಟೇ ತೋಳು ಇಳಿಯಬೇಕು, ಅಂದರೆ ಆ ಕ್ಷಣದಲ್ಲಿ ಎರಡೂ ಕೈಗಳು ಅಚ್ಚಿನಿಂದ ದೂರವಿರಬೇಕು. ತುಂಡಿಗಿಷ್ಟು ಎಂಬ ಕೂಲಿಯಲ್ಲಿ ಒಂದು ಗುಂಡಿಯನ್ನು ಟೇಪು ಸುತ್ತಿ ಒತ್ತಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಗಂಟೆಗೆ ಒಂದಿಷ್ಟು ತುಂಡು ಹೆಚ್ಚುತ್ತದೆ. ಹಳೆಯ ಯಂತ್ರ ಕೊಳ್ಳುವವನು ಬಣ್ಣವನ್ನು ನೋಡುವ ಮೊದಲು ಆ ಎರಡನೆಯ ಗುಂಡಿಯನ್ನು ಒತ್ತಿ ನೋಡಲಿ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಪೋಷಣೆ. ಸ್ಕೈವಿಂಗ್ ಯಂತ್ರದ ಅಲಗು ಗಂಟೆಯ ಆಕಾರದ್ದು, ಮಲಗಿಸಿದ ಲೋಟದಂತೆ ತಿರುಗುತ್ತಿರುತ್ತದೆ. ಕೆಳಗಿನ ಉರುಳೆ ಚರ್ಮವನ್ನು ಒಳಗೆ ನೂಕುತ್ತದೆ, ಮೇಲಿನ ಪಾದ ಅದನ್ನು ಅದುಮಿ ಹಿಡಿಯುತ್ತದೆ. ಸಾಣೆಕಲ್ಲು ಯಂತ್ರದೊಳಗೇ ಇದೆ; ತಿರುಗುವ ಅಲಗಿಗೆ ಅದನ್ನು ಮೆಲ್ಲಗೆ ತಾಗಿಸಿ ಹರಿತಗೊಳಿಸುತ್ತಾರೆ. ಮಸೆದಷ್ಟೂ ಅಲಗು ಸವೆದು ಹಿಂದೆ ಸರಿಯುವುದರಿಂದ ಅದನ್ನು ಆಗಾಗ ಮುಂದಕ್ಕೆ ತಂದು, ಪಾದಕ್ಕೂ ಅಲಗಿಗೂ ಅರ್ಧ ಮಿಲಿಮೀಟರಿನ ಆಸುಪಾಸಿನ ಅಂತರ ಉಳಿಸಬೇಕು. ಮಸೆದ ಮೇಲೆ ಒಳಬದಿಯಲ್ಲಿ ಏಳುವ ಲೋಹದ ಮುಳ್ಳನ್ನು ತೆಗೆಯದಿದ್ದರೆ ಅಲಗು ಹೆರೆಯುವುದಿಲ್ಲ, ಹರಿಯುತ್ತದೆ. ಹೊಸಬರು ಚರ್ಮ ಸಿಕ್ಕಿಕೊಂಡಾಗಲೆಲ್ಲ ಪಾದದ ಒತ್ತಡ ಹೆಚ್ಚಿಸುತ್ತಾರೆ. ಅನುಭವಿಗಳು ಯಂತ್ರ ನಿಲ್ಲಿಸಿ ಉರುಳೆಯನ್ನು ನೋಡುತ್ತಾರೆ. ಹತ್ತರಲ್ಲಿ ಹೆಚ್ಚು ಪಾಲು ಅಲ್ಲಿ ಅಂಟು ಮತ್ತು ಚರ್ಮದ ಪುಡಿ ಮೆತ್ತಿಕೊಂಡಿರುತ್ತದೆ. ಮೇ ತಿಂಗಳ ಲೂ ಗಾಳಿಯ ಧೂಳು ಎಣ್ಣೆಯ ಜೊತೆ ಸೇರಿದರೆ ಅದೇ ಒಂದು ಸಾಣೆಯ ಲೇಪವಾಗಿ ಬೇರಿಂಗುಗಳನ್ನು ತಿನ್ನುತ್ತದೆ. ಜನವರಿಯ ಬೆಳಗುಗಳಲ್ಲಿ ಪ್ರೆಸ್ಸಿನೊಳಗಿನ ಹೈಡ್ರಾಲಿಕ್ ಎಣ್ಣೆ ಗಟ್ಟಿಯಾಗಿ ತೋಳು ಸೋಮಾರಿಯಾಗುವುದರಿಂದ, ಮೊದಲ ಕೆಲವು ಏಟುಗಳನ್ನು ಚರ್ಮವಿಲ್ಲದೆ ಹೊಡೆದು ಬಿಸಿಮಾಡಿಕೊಳ್ಳುತ್ತಾರೆ. ಪ್ರೆಸ್ಸಿನ ಕೆಳಗಿನ ನೈಲಾನ್ ಹಲಗೆಯನ್ನು ದಿನವೂ ತಿರುಗಿಸಬೇಕು; ಅಚ್ಚು ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಅಲ್ಲಿ ಗುಂಡಿ ಬಿದ್ದು, ಚರ್ಮ ಅರ್ಧ ಕತ್ತರಿಸಿ ಅರ್ಧ ಉಳಿಯುತ್ತದೆ. ಅಚ್ಚುಗಳ ಎತ್ತರ ಸಾಮಾನ್ಯವಾಗಿ 19 ಅಥವಾ 32 ಮಿಲಿಮೀಟರು. ಎರಡನ್ನೂ ಬೆರೆಸಿಟ್ಟುಕೊಂಡ ಅಂಗಡಿಯಲ್ಲಿ ತೋಳಿನ ಇಳಿತವನ್ನು ಹೊಂದಿಸುವುದೇ ಒಂದು ದಿನಚರಿ.

ಈ ತಿಳಿವಳಿಕೆ ಹಳೆಯ ಕೈಪಿಡಿಗಳಲ್ಲೂ ಇದ್ದಿರಬೇಕು. ಆದರೆ ಗಲ್ಲಿಗೆ ಬಂದ ಯಂತ್ರದ ಜೊತೆ ಕೈಪಿಡಿ ಬರಲಿಲ್ಲ. ಲೆಸ್ಟರಿನ ಬ್ರಿಟಿಷ್ ಯುನೈಟೆಡ್ ಕಂಪನಿ 2000ದಲ್ಲಿ ದಿವಾಳಿಯಾಗಿ, ಅದರ ನೂರಾರು ಕೆಲಸಗಾರರ ಪಿಂಚಣಿ ಕೊಚ್ಚಿಹೋಯಿತು. ಅದು ಎರಕ ಹೊಯ್ದ ಕಬ್ಬಿಣದ ಪ್ರೆಸ್ಸುಗಳು ಕಂಪನಿಗಿಂತ ಹೆಚ್ಚು ಬಾಳುತ್ತಿವೆ. ಅವುಗಳನ್ನು ಉಳಿಸಿದವರು ಅಮೆರಿಕದ ತೀರ್ಪು ಹುಡುಕಿ ಕಾಣದೆ ಹೋದ ಅದೇ ವರ್ಗದವರು, ಯಾವ ಕಂಪನಿಗೂ ಸೇರದ ಮಿಸ್ತ್ರಿಗಳು. ಸವೆದ ಸೀಲನ್ನು ಅಳತೆ ನೋಡಿ ಕಡೆಸಿ ಹಾಕುವವರು, ಚೀನಾದ ಅಲಗನ್ನು ಜರ್ಮನ್ ಯಂತ್ರಕ್ಕೆ ಕೂರಿಸುವವರು. ಅವರು ಎರಡನೆಯ ಗುಂಡಿಯ ತಂತಿಯನ್ನು ಬಿಚ್ಚಿಕೊಡಲೂ ಬಲ್ಲರು, ಮತ್ತೆ ಜೋಡಿಸಲೂ ಬಲ್ಲರು ಎಂಬುದನ್ನು ಮರೆತು ಅವರನ್ನು ಹೊಗಳುವುದು ಸರಿಯಾಗದು.

ನಮ್ಮ ನಾಡಿನ ಅಥಣಿ, ನಿಪ್ಪಾಣಿಗಳಲ್ಲಿ ಅಡಿಗೂಟದ ಕೆಲಸ ಇನ್ನೂ ಕೈಯಲ್ಲೇ ಉಳಿದಿದೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದಂತೆ 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ಅಟ್ಟೆಯನ್ನು ನೆನೆಸಿ, ಬಡಿದು ಬಿಗಿಗೊಳಿಸುತ್ತಾರೆ. ದಿಲ್ಲಿ ಹಾಟಿನ ಮಳಿಗೆಯಲ್ಲಿ ಆ ಚಪ್ಪಲಿಯನ್ನು ಕೊಂಡವರು ಅದನ್ನು ಬಾಗಿಸಿ ನೋಡಿದರೆ ಆ ಬಿಗುವು ಕೈಗೆ ತಿಳಿಯುತ್ತದೆ. ಕರೋಲ್ ಬಾಗಿನ ಕತ್ತರಿಸುವವನಿಗೆ ಬಡಿಯುವ ಕೆಲಸವಿಲ್ಲ, ಆದರೆ ಅವನೂ ಹಾಳೆಯನ್ನು ಹರಡಿ, ಬೆನ್ನಿನ ಗೆರೆಯನ್ನು ಹುಡುಕಿ, ಹೊಟ್ಟೆಯ ಬದಿಯ ಸಡಿಲ ಚರ್ಮವನ್ನು ಹೆಬ್ಬೆರಳಿನಿಂದ ಎಳೆದು ನೋಡುತ್ತಾನೆ. ಚೀಲದ ಮುಂಭಾಗಕ್ಕೆ ಬೆನ್ನು, ಒಳಜೇಬಿಗೆ ಹೊಟ್ಟೆ. ಉಣ್ಣಿ ಕಚ್ಚಿದ ಕಲೆ, ಬೇಲಿಯ ಮುಳ್ಳು ಗೀರಿದ ಗುರುತುಗಳನ್ನು ತಪ್ಪಿಸಿ ಅಚ್ಚನ್ನು ಸ್ವಲ್ಪ ಓರೆಯಾಗಿಡುತ್ತಾನೆ. ಆಮೇಲಷ್ಟೇ ತೋಳನ್ನು ಎಳೆದುಕೊಳ್ಳುತ್ತಾನೆ.